ಕಾಶಿಯ ನಾಲ್ಕಾಣೆ

ಕನ್ನಡ ನಾಡಿನ ಮದುವೆಯ ಮನೆಗಳಲ್ಲಿ ವರನು ಕೊಡೆ ಕೋಲು ಪಾದುಕೆಗಳನ್ನು ಧರಿಸಿ ಕಾಶೀಯಾತ್ರೆಗೆಂದು ಹೊರಡುವುದೂ, ಬೀದಿಯ ತಿರುವನ್ನು ಮುಟ್ಟುವುದಕ್ಕೆ ಮುಂಚೆಯೇ ಕನ್ಯಾಪಿತೃವು ಎದುರು ಬಂದು ಬೆಲ್ಲ ತೆಂಗಿನಕಾಯಿಗಳ ಆಶೆ ತೋರಿಸಿ ಅವನನ್ನು ಹಿಂದಿರುಗಿಸುವುದೂ ನಮಗೆಲ್ಲ ಪರಿಚಿತವಾದ ವಿನೋದ. ಆದರೆ ಹಿಂದಿನ ಕಾಲದಲ್ಲಿ ಇನ್ನೊಂದು ಕಾಶೀಯಾತ್ರೆಯಿತ್ತು. ಅದರಲ್ಲಿ ಎದುರು ಬಂದು ತಡೆಯುವವರು ಇರುತ್ತಿರಲಿಲ್ಲ. ಮಕ್ಕಳ ಮದುವೆ ಮುಂಜಿಗಳನ್ನು ಮುಗಿಸಿ, ಹೊಲಮನೆಗಳನ್ನು ಹಂಚಿಕೊಟ್ಟು, ಕೊಡುವವರಿಗೆ ಕೊಟ್ಟು ಕೊಳ್ಳುವವರಿಂದ ಕೊಂಡು, ಋಣಮುಕ್ತನಾದೆನೆಂದು ಮನಸ್ಸಿಗೆ ತೋರಿದ ಮೇಲೆ ಹೊರಟ ಮುದುಕನೊಬ್ಬನನ್ನು ಊರವರು ಗಡಿಕಲ್ಲಿನವರೆಗೆ ಬಂದು, ಪುನರ್ದರ್ಶನದ ಮಾತನ್ನೆತ್ತದೆ, ಕಾಲಿಗೆ ಬಿದ್ದು ಕಳುಹಿಸಿಕೊಡುತ್ತಿದ್ದರು. ತಿರುಗಿ ಬಂದವರು ಗಂಗೆಯ ಥಾಲಿಯನ್ನು ತಂದರು, ಸಮಾರಾಧನೆ ಮಾಡಿದರು, ಕಾಶಿಯಲ್ಲಿ ಬಿಟ್ಟುಬಂದ ಬದನೆಕಾಯಿಯನ್ನೋ ಹಾಗಲಕಾಯಿಯನ್ನೋ ಮತ್ತೆ ಮುಟ್ಟದೆ ಬಾಳಿದರು. ತಿರುಗಿ ಬಾರದವರು ಪುಣ್ಯವಂತರೆನ್ನಿಸಿಕೊಂಡರು. ಅವರ ಕಡೆಯ ದಿನಗಳು ಯಾವ ಗಲ್ಲಿಯಲ್ಲಿ, ಯಾರ ಜಗುಲಿಯ ಮೇಲೆ, ಎಷ್ಟು ಹಗಲು ಎಷ್ಟು ಇರುಳುಗಳ ನರಳಾಟದಲ್ಲಿ ಕಳೆದುವೆಂಬುದನ್ನು ಊರಿನಲ್ಲಿ ಉಳಿದವರು ವಿಚಾರಿಸಲಿಲ್ಲ. ವಿಚಾರಿಸುವುದು ಪುಣ್ಯಕ್ಕೆ ಕುಂದೆಂದು ಭಾವಿಸಿದಂತೆಯೂ ಕಾಣುತ್ತದೆ.

ಕನ್ನಡಿಗನು ಕಾಶಿಯನ್ನು ಕಣ್ಣಿನಿಂದ ಕಾಣುವ ಮೊದಲೇ ರಾಘವಾಂಕನ ಮುಖಾಂತರ ಕಂಡಿರುತ್ತಾನೆ. ಗಮಕಿಯ ಕಂಠದಲ್ಲಿ ಹರಿಶ್ಚಂದ್ರನು ಕಾಶಿಯ ಬೀದಿಯಲ್ಲಿ ತಲೆಯ ಮೇಲೆ ಹುಲ್ಲು ಹೊತ್ತು ಮಾರಾಟಕ್ಕೆ ನಿಂತುದನ್ನೂ, ವೀರಬಾಹುಕನ ಆಳಾಗಿ ಸುಡುಗಾಡನ್ನು ಕಾದುದನ್ನೂ ಕೇಳಿದ ಜನಕ್ಕೆ ಆ ಪಟ್ಟಣವೆಂದರೆ ಮೊದಲು ಸ್ಮಶಾನ, ಆಮೇಲೆ ವಿಶ್ವನಾಥ. ಪುರಾಣದ ನಂಬಿಕೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಆ ಕ್ಷೇತ್ರದಲ್ಲಿ ಪ್ರಾಣ ಬಿಡುವ ಜೀವಿಯ ಬಲಗಿವಿಯಲ್ಲಿ ಸಾಕ್ಷಾತ್ ಶಿವನೇ ತಾರಕಮಂತ್ರವನ್ನು ಉಪದೇಶಿಸುವನೆಂದ ಮೇಲೆ ಮರಣವು ಅಲ್ಲಿ ವಿಪತ್ತಾಗದೆ ವರವಾಗುತ್ತದೆ. ಮರಣವು ವರವಾದರೆ ರೋಗವು ಆ ವರದ ಪೀಠಿಕೆಯಾಗುತ್ತದೆ. ಪೀಠಿಕೆಯನ್ನು ಅರ್ಧದಲ್ಲಿ ನಿಲ್ಲಿಸಲು ಬರುವ ವೈದ್ಯನು ಅಪ್ರಸ್ತುತ ಪ್ರಸಂಗಿಯಾಗುತ್ತಾನೆ. ಈ ತರ್ಕವನ್ನು ಬಾಯಿಬಿಟ್ಟು ಹೇಳಿದವರು ಕಡಮೆ. ಆದರೆ ಒಂದು ನಗರವು ಶತಮಾನಗಳ ಕಾಲ ಸಾವನ್ನು ಬರಮಾಡಿಕೊಳ್ಳುವುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಘಟ್ಟಗಳನ್ನು ಕಟ್ಟಿ, ಸಾಯುತ್ತಿರುವವನ ಹಾಸಿಗೆಯ ಬಳಿ ಒಂದು ಲೋಟ ಗಂಜಿಯನ್ನಿಡುವ ಏರ್ಪಾಡನ್ನು ಮಾಡಿಕೊಳ್ಳದೆ ಹೋದುದಕ್ಕೆ ಬೇರೆ ಕಾರಣವನ್ನು ಹುಡುಕುವುದು ನನಗೆ ಸಾಧ್ಯವಾಗಿಲ್ಲ.

ಹಾಗೆಂದು ಕಾಶಿಯಲ್ಲಿ ದಾನಕ್ಕೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಅನ್ನಪೂರ್ಣೆಯ ಊರು ಅದು. ನಾಟೋರಿನ ರಾಣಿ ಭವಾನಿ, ಇಂದೂರಿನ ಅಹಲ್ಯಾಬಾಯಿ ಮೊದಲ್ಗೊಂಡು ಭರತಖಂಡದ ರಾಜರಾಣಿಯರೂ ಶ್ರೀಮಂತರೂ ಅಲ್ಲಿ ದೇವಾಲಯಗಳನ್ನೂ ಘಟ್ಟಗಳನ್ನೂ ಛತ್ರಗಳನ್ನೂ ಕಟ್ಟಿಸಿದರು. ಬ್ರಾಹ್ಮಣನಿಗೆ, ಸಂನ್ಯಾಸಿಗೆ, ವಿದ್ಯಾರ್ಥಿಗೆ, ಅನಾಥ ವಿಧವೆಗೆ ನಿತ್ಯವೂ ಎಲೆ ಹಾಕುವ ಸತ್ರಗಳು ಗಲ್ಲಿಗೊಂದರಂತೆ ಇದ್ದುವು. ಆದರೆ ಸತ್ರದ ಅನ್ನವನ್ನು ಉಣ್ಣಬೇಕಾದವನು ಸತ್ರದವರೆಗೆ ನಡೆಯಬೇಕು. ಪಂಕ್ತಿ ಏಳುವುದರೊಳಗೆ ಹೋಗಬೇಕು. ಸ್ನಾನ ಮಾಡಿ ಮಡಿಯುಟ್ಟು ಹೋಗಬೇಕು. ಕಾಲು ಬಿದ್ದುಹೋದ ದಿನ ಮುದುಕಿಯೊಬ್ಬಳಿಗೆ ಅನ್ನಪೂರ್ಣೆಯ ಊರಿನಲ್ಲಿ ಅನ್ನವೂ ಬಿದ್ದುಹೋಯಿತು. ಭೇದಿ ಹಿಡಿದವನನ್ನಂತೂ ಪಂಕ್ತಿಯ ಹತ್ತಿರ ಸೇರಿಸುವ ಮಾತೇ ಇಲ್ಲ. ಕಾಶಿಯಲ್ಲಿ ಉಪವಾಸ ಸತ್ತವರು ಅನ್ನವಿಲ್ಲದೆ ಸತ್ತವರಾಗಿರಲಿಲ್ಲ. ಅನ್ನಕ್ಕೂ ತಮಗೂ ನಡುವೆ ಇದ್ದ ಇನ್ನೂರು ಗಜ ಕಲ್ಲುಹಾಸನ್ನು ದಾಟಲಾರದೆ ಸತ್ತವರಾಗಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಕಷ್ಟವು ಇಮ್ಮಡಿಯಾಯಿತು. 1887ರಲ್ಲಿ ರಾಜಘಾಟದ ಬಳಿ ಗಂಗೆಗೆ ಡಫರಿನ್ ಸೇತುವೆಯು ಕಟ್ಟಲ್ಪಟ್ಟು, ರೈಲುಗಾಡಿಯು ನದಿಯನ್ನು ದಾಟಿ ಊರೊಳಗೇ ಬಂದು ನಿಲ್ಲುವಂತಾಯಿತು. ಹಿಂದೆ ತಿಂಗಳುಗಟ್ಟಲೆ ನಡೆದು ಕಾಶಿಯನ್ನು ಸೇರುತ್ತಿದ್ದವನು ಆ ನಡಿಗೆಯಿಂದಲೇ ತಾನು ಗಟ್ಟಿಗನೆಂದು ಸಿದ್ಧಪಡಿಸಿರುತ್ತಿದ್ದನು. ದುರ್ಬಲರು ದಾರಿಯಲ್ಲಿಯೇ ಉಳಿಯುತ್ತಿದ್ದರು. ಈಗ ಮೂರನೆಯ ದರ್ಜೆಯ ಚೀಟಿಯೊಂದಕ್ಕೆ ಹಣ ಕೂಡಿದರೆ ನಡೆಯಲಾರದವರನ್ನೂ ತಂದು ಇಳಿಸಬಹುದಾಗಿತ್ತು. ಬಂಗಾಳದಿಂದ ಬಂದ ವಿಧವೆಯರು ಬಂಗಾಲೀಟೋಲಾದ ಕತ್ತಲೆ ಕೋಣೆಗಳನ್ನು ತುಂಬಿದರು. ಊರಿನಿಂದ ತಿಂಗಳು ತಿಂಗಳು ಬರುವ ಒಂದೆರಡು ರೂಪಾಯಿಗಳ ಮನಿಯಾರ್ಡರು, ಕಳುಹಿಸುವ ತಮ್ಮನೋ ಅಳಿಯನೋ ಇರುವವರೆಗೆ ಬಂದು, ಅನಂತರ ನಿಂತುಹೋಗುತ್ತಿತ್ತು. ಸರಕಾರದವರು ಊರಿಗೆ ಕೊಳಾಯಿ ನೀರನ್ನು ತಂದುದು 1892ರಲ್ಲಿ. ಸರಕಾರದ ಆಸ್ಪತ್ರೆಯೂ ಇತ್ತು. ಆದರೆ ಅಲ್ಲಿಯೂ ಸತ್ರದ ನ್ಯಾಯವೇ: ಬಂದವನಿಗೆ ಔಷಧಿ ಸಿಕ್ಕೀತು, ಬಾರದವನನ್ನು ಹೊತ್ತುಕೊಂಡು ಬರುವವರು ಯಾರು? ಜಾತಿ ತಿಳಿಯದ, ಮಲಮೂತ್ರಗಳಲ್ಲಿ ಬಿದ್ದಿರುವ ಮುದುಕಿಯನ್ನು ಗಂಗಾಸ್ನಾನ ಮಾಡಿ ಬರುತ್ತಿರುವವನು ಮುಟ್ಟಿದರೆ ಮತ್ತೆ ಗಂಗೆಗೆ ಇಳಿಯಬೇಕು. ಮುಟ್ಟದೆ ನಾಲ್ಕು ಹೆಜ್ಜೆ ಸುತ್ತಿ ಹೋಗುವುದು ಸುಲಭ. ದಿನಕ್ಕೆ ಸಾವಿರ ಮಂದಿ ಹಾಗೆ ಸುತ್ತಿ ಹೋದರು.

ಸುತ್ತಿ ಹೋಗದ ಕೆಲವರ ಕಥೆಯೇ ಈ ಪ್ರಬಂಧದ ವಿಷಯ. ಅವರು ವೈದ್ಯರಲ್ಲ, ಧನಿಕರಲ್ಲ, ಯಾವ ಮಠದಿಂದಲೂ ನಿಯೋಜಿತರಾದವರಲ್ಲ. ಚಾರುಚಂದ್ರ ದಾಸ, ಕೇದಾರನಾಥ ಮೌಲಿಕ, ಯಾಮಿನೀರಂಜನ ಮಜುಂದಾರ ಮೊದಲಾದ, ಕಾಶಿಯಲ್ಲಿ ನೆಲಸಿದ್ದ ಬಂಗಾಳಿ ತರುಣರ ಒಂದು ಚಿಕ್ಕ ಗುಂಪು. ಸಾಯಂಕಾಲ ಒಬ್ಬರ ಮನೆಯಲ್ಲಿ ಸೇರಿ ಧ್ಯಾನ ಭಜನೆಗಳನ್ನು ಮಾಡುವುದೂ, ರಾಮಕೃಷ್ಣ ಪರಮಹಂಸರ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದುವುದೂ ಅವರ ಪದ್ಧತಿ. 1899ರಲ್ಲಿ ಕಲ್ಕತ್ತೆಯಿಂದ ‘ಉದ್ಬೋಧನ’ವೆಂಬ ಬಂಗಾಳಿ ಪತ್ರಿಕೆಯು ಹೊರಡತೊಡಗಿತ್ತು. ಅದರಲ್ಲಿ ವಿವೇಕಾನಂದರ ‘ಸಖಾರ ಪ್ರತಿ’ ಎಂಬ ಪದ್ಯವು ಪ್ರಕಟವಾದಾಗ ಚಾರುಚಂದ್ರನು ಅದನ್ನು ಗೆಳೆಯರಿಗೆ ಓದಿ ಹೇಳಿದನು. ಕಣ್ಣಮುಂದೆ ನಾನಾ ರೂಪಗಳಲ್ಲಿ ನಿಂತಿರುವ ಈಶ್ವರನನ್ನು ಬಿಟ್ಟು ಬೇರೆಡೆಯಲ್ಲಿ ಹುಡುಕುವುದೇತಕ್ಕೆ ಎಂಬುದು ಆ ಪದ್ಯದ ಕೊನೆಯ ಭಾವ. ಪದ್ಯ ಓದಿ ಕಣ್ಣೊರಸಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಉಂಟು. ಪದ್ಯವನ್ನು ವಿಳಾಸವೆಂಬಂತೆ ಹಿಡಿದುಕೊಂಡು ಬೀದಿಗೆ ಇಳಿಯುವವರು ಅಪರೂಪ.

1900ನೆಯ ಇಸವಿ ಜೂನ್ 13ರ ಬೆಳಗ್ಗೆ ಯಾಮಿನೀರಂಜನನು ಹೊರಗೆ ಹೋಗಿದ್ದಾಗ ದಾರಿಯ ಪಕ್ಕದಲ್ಲಿ ಒಬ್ಬ ಮುದುಕಿಯು ಹಸಿವಿನಿಂದಲೂ ರೋಗದಿಂದಲೂ ಕಂಗೆಟ್ಟು, ಮೈಮೇಲಿನ ಅರಿವೆಯ ಎಚ್ಚರವೂ ಇಲ್ಲದೆ ಬಿದ್ದಿದ್ದಳು. ಅದು ಉತ್ತರ ಹಿಂದೂಸ್ಥಾನದ ಜ್ಯೇಷ್ಠಮಾಸ. ಕಲ್ಲುಹಾಸು ಇನ್ನೊಂದು ಗಳಿಗೆಯಲ್ಲಿ ಕಾವಲಿಯಾಗುವ ಹೊತ್ತು. ಯಾಮಿನಿಯು ಅವಳನ್ನು ಶುಚಿ ಮಾಡಿದನು. ಅಷ್ಟರಿಂದ ಮುಂದಕ್ಕೆ ಏನು ಮಾಡಬೇಕಾದರೂ ಕಾಸು ಬೇಕು. ಅವನು ಸ್ವತಃ ಸತ್ರದಲ್ಲಿ ಉಂಡು ಬದುಕುತ್ತಿದ್ದ ಹುಡುಗ, ಕೈಯಲ್ಲಿ ಏನೂ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಗೃಹಸ್ಥನೊಬ್ಬನ ಮುಂದೆ ಕೈಯೊಡ್ಡಿದನು. ನಾಲ್ಕಾಣೆಯ ಒಂದು ಬಿಲ್ಲೆ ಬಿತ್ತು. ಆ ನಾಲ್ಕಾಣೆಯಿಂದ ಅವಳ ಬಾಯಿಗೆ ಆಹಾರವನ್ನು ಹಾಕಿದುದೇ ಮುಂದೆ ನೂರಾರು ಹಾಸಿಗೆಗಳ ಆಸ್ಪತ್ರೆಯಾಗಿ ಬೆಳೆದ ಸಂಸ್ಥೆಯ ಆರಂಭ. ಶಂಕುಸ್ಥಾಪನೆಯಿಲ್ಲ, ಅಧ್ಯಕ್ಷರಿಲ್ಲ, ಅಭಿನಂದನಪತ್ರವಿಲ್ಲ. ಆ ಗೃಹಸ್ಥನು, ತಾನು ಯಾವುದರ ಮೊದಲ ಮಹಾದಾತನಾದೆನೆಂಬುದನ್ನು ಕೇಳಿದ್ದರೆ, ಎಂಟಾಣೆ ಕೊಟ್ಟಿರುತ್ತಿದ್ದನೇನೋ.

ಯಾಮಿನಿಯು ಗೆಳೆಯರ ಬಳಿಗೆ ಓಡಿಬಂದು ಈ ಸಂಗತಿಯನ್ನು ಹೇಳಿದ ಮೇಲೆ, ಗುಂಪಿನ ಸಾಯಂಕಾಲದ ಧ್ಯಾನಕ್ಕೆ ಹಗಲಿನ ಒಂದು ಉದ್ಯೋಗವು ಸೇರಿಕೊಂಡಿತು. ಗಲ್ಲಿ ಗಲ್ಲಿಗಳನ್ನು ತಿರುಗುವುದು, ಬಿದ್ದವರನ್ನು ಹುಡುಕುವುದು, ಆಸ್ಪತ್ರೆಯವರು ಸೇರಿಸಿಕೊಳ್ಳುವಂಥವರಾದರೆ ಹೊತ್ತುಕೊಂಡು ಹೋಗಿ ಸೇರಿಸುವುದು, ಅಲ್ಲವಾದರೆ ಅವರಿದ್ದ ಕೋಣೆಗೇ ಪಥ್ಯವನ್ನೂ ಔಷಧವನ್ನೂ ಒಯ್ಯುವುದು, ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಸತ್ತರೆ ಸಂಸ್ಕಾರಕ್ಕೆ ಏರ್ಪಾಡು ಮಾಡುವುದು. ಇವುಗಳಿಗೆಲ್ಲ ಬೇಕಾದ ಹಣವನ್ನು ಮನೆಮನೆಯ ಬಾಗಿಲಲ್ಲಿ ನಿಂತು ಬೇಡುವುದು. ಸತ್ರವು ರೋಗಿಯ ಕಾಲನ್ನು ನಂಬಿ ಕುಳಿತಿದ್ದರೆ, ಇವರು ತಮ್ಮ ಕಾಲನ್ನೇ ರೋಗಿಗೆ ಕಡವಾಗಿ ಕೊಟ್ಟರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅವರು ಮಾಡಿದುದು ಅತ್ಯಲ್ಪ. ಆದರೆ ಒಂದು ಗುಟುಕು ನೀರು, ಒಂದು ಒಣಗಿದ ಬಟ್ಟೆ, ಹೊತ್ತು ಹೊತ್ತಿಗೆ ಒಂದು ಬಟ್ಟಲು ಗಂಜಿ, ಇವು ಎಷ್ಟು ರೋಗಗಳಲ್ಲಿ ಜೀವಕ್ಕೂ ಸಾವಿಗೂ ನಡುವಣ ಗಡಿಯಾಗಿರುತ್ತವೆಂಬುದನ್ನು ಕಾಲರಾ ರೋಗಿಯ ಪಕ್ಕದಲ್ಲಿ ಒಂದು ರಾತ್ರಿ ಕುಳಿತ ಯಾರಾದರೂ ಹೇಳಬಲ್ಲರು.

ಕೆಲವು ತಿಂಗಳುಗಳಲ್ಲಿಯೇ ಕೆಲಸವು ಮನೆಯ ಜಗುಲಿಯನ್ನು ಮೀರಿ ಬೆಳೆದುದರಿಂದ, ಅದಕ್ಕೊಂದು ಸಂಘವೂ, ಸಂಘಕ್ಕೊಂದು ಹೆಸರೂ ಬೇಕಾದುವು. ಕಾಲಮಾನಕ್ಕೆ ತಕ್ಕಂತೆ ಹೆಸರು ಇಂಗ್ಲಿಷಿನಲ್ಲಿ ಬಂದಿತು: ‘ಪೂರ್ ಮೆನ್ಸ್ ರಿಲೀಫ್ ಅಸೋಸಿಯೇಷನ್’, ದರಿದ್ರರ ದುಃಖ ಪರಿಹಾರ ಸಂಘವೆಂದು ಹೇಳಬಹುದು. ಊರಿನ ಸಂಭಾವಿತರು ಕೆಲವರು ಸಮಿತಿಯಲ್ಲಿ ಕುಳಿತರು. ಬಾಡಿಗೆಯ ಮನೆಯೊಂದು ಜಂಗಮಬಾಡಿಯಲ್ಲಿ ದೊರೆಯಿತು. ಅಲ್ಲಿಂದ ದಶಾಶ್ವಮೇಧದ ಕಡೆಗೆ, ಮತ್ತೆ ರಾಮಾಪುರಕ್ಕೆ, ಬೆಕ್ಕು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಮನೆ ಮನೆ ಬದಲಾಯಿಸುವಂತೆ, ಈ ತರುಣರು ತಮ್ಮ ರೋಗಿಗಳನ್ನು ಹೊತ್ತು ತಿರುಗಿದರು.

ಜಂಗಮಬಾಡಿಯೆಂಬ ಹೆಸರನ್ನು ಕೇಳಿದೊಡನೆ ಕನ್ನಡಿಗನ ಕಿವಿ ನಿಮಿರುವುದು ಸಹಜ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶೀ ಜ್ಞಾನಸಿಂಹಾಸನದ ಮಠವು ಇರುವ ಸ್ಥಳ ಅದು. ಆ ಬಡಾವಣೆಗೆ ಹೆಸರು ಬಂದುದು ಆ ಮಠದಿಂದಲೇ. ಮೊಗಲ ಬಾದಶಹರು ಕಾಶಿಯ ಜಂಗಮರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಫರ್ಮಾನುಗಳು, ಔರಂಗಜೇಬನ ಹೆಸರಿನವೂ ಸೇರಿದಂತೆ, ಇತಿಹಾಸಜ್ಞರಿಗೆ ಸುಪರಿಚಿತವಾಗಿವೆ. ಬಿಜಾಪುರ ಬಾಗಲಕೋಟೆಗಳ ಕಡೆಯಿಂದ ಹೋದ ಯಾತ್ರಿಕರು ಹಿಂದಿಯ ಕಾಡಿನಲ್ಲಿ ಕನ್ನಡದ ಮಾತನ್ನು ಕೇಳಿ ಉಸಿರುಬಿಡುವುದು ಆ ಮಠದ ಅಂಗಳದಲ್ಲಿ. ಬಂಗಾಳಿ ಹುಡುಗರು ತಮ್ಮ ರೋಗಿಗಳನ್ನು ತಂದು ಮಲಗಿಸಿದ ಗಲ್ಲಿಗೂ ಆ ಅಂಗಳಕ್ಕೂ ಕೂಗಳತೆಯ ದೂರ. ಅವರು ನಮ್ಮ ಶರಣರ ಮಾತನ್ನು ಕೇಳಿದ್ದರೆಂದು ನಾನು ಹೇಳುವುದಿಲ್ಲ. ಆ ಮಾತಿನ ಪ್ರಸ್ತಾಪವು ಇಲ್ಲಿ ಏತಕ್ಕೆ ಬರುತ್ತದೆಂಬುದು ಮುಂದೆ ತಿಳಿಯುವುದು.

1902ರ ಜನವರಿಯ ಕೊನೆಯಲ್ಲಿ ವಿವೇಕಾನಂದರು ಜಪಾನಿನ ಒಕಾಕುರಾ ಅವರೊಡನೆ ಬುದ್ಧಗಯೆಯನ್ನು ಸಂದರ್ಶಿಸಿ, ಅಲ್ಲಿಂದ ಕಾಶಿಗೆ ಬಂದರು. ಮಧುಮೇಹವು ಅವರ ದೇಹವನ್ನು ಒಳಗಿನಿಂದ ತಿಂದುಹಾಕಿತ್ತು. ಆಯುಸ್ಸಿನಲ್ಲಿ ಇನ್ನು ಉಳಿದುದು ಐದು ತಿಂಗಳು. ತಾವು ಬರೆದ ಪದ್ಯದಿಂದ ಹುಟ್ಟಿದ ಸಂಘವನ್ನೂ, ಅದನ್ನು ನಡೆಸುತ್ತಿದ್ದ ಹುಡುಗರನ್ನೂ ಕಂಡು ಅವರಿಗಾದ ಹಿಗ್ಗು ಅಪಾರ. ಆದರೆ ಸಂಘದ ಹೆಸರು ಮಾತ್ರ ಅವರಿಗೆ ಸರಿತೋರಲಿಲ್ಲ. ಇನ್ನೊಬ್ಬರ ದುಃಖವನ್ನು ಪರಿಹಾರ ಮಾಡುವುದಕ್ಕೆ ನೀವಾರು, ಆ ಶಕ್ತಿ ನಿಮಗೆ ಎಲ್ಲಿಂದ ಬಂದಿತು, ನಿಮಗೆ ಇರುವ ಅಧಿಕಾರವು ಸೇವೆಯೊಂದೇ, ಎಂಬ ಅಭಿಪ್ರಾಯವನ್ನು ಹೇಳಿ ‘ರಿಲೀಫ್’ ಎಂಬ ಮಾತನ್ನು ತೆಗೆಸಿ ‘ರಾಮಕೃಷ್ಣ ಹೋಮ್ ಆಫ್ ಸರ್ವಿಸ್’ ಎಂದು ಮಾಡಿಸಿದರು. ಜನರ ಬಾಯಲ್ಲಿ ಅದು ಸೇವಾಶ್ರಮವಾಯಿತು. ಸಂಘದ ವರದಿಯೊಡನೆ ಪ್ರಕಟಿಸುವುದಕ್ಕಾಗಿ ಹಣಸಹಾಯವನ್ನು ಬೇಡುವ ಒಂದು ವಿಜ್ಞಾಪನೆಯನ್ನೂ ತಾವೇ ಬರೆದುಕೊಟ್ಟರು. ಜುಲೈ 4ರಂದು ಅವರು ದೇಹವನ್ನು ಬಿಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಸೇವಾಶ್ರಮವು ರಾಮಕೃಷ್ಣ ಮಿಷನ್ನಿನ ಅಂಗವಾಗಿ ಸೇರಿಕೊಂಡಿತು.

ಹೆಸರಿನ ಈ ಮಾರ್ಪಾಟನ್ನು ಕೇವಲ ಶಬ್ದವಿನೋದವೆಂದು ತಳ್ಳಿಹಾಕುವವರಿಗೆ ನಮ್ಮ ಭಾಷೆಯೇ ಉತ್ತರ ಕೊಡುತ್ತದೆ. ಕೊಡುವವನು ಮೇಲೆಯೂ ಕೊಳ್ಳುವವನು ಕೆಳಗೂ ಇರುವುದು ದಾನ. ಕೊಡುವವನು ತಾನು ದಾಸನೆಂದುಕೊಂಡು, ಕೊಳ್ಳುವವನಲ್ಲಿ ಲಿಂಗವನ್ನು ಕಂಡು ಒಪ್ಪಿಸುವುದು ದಾಸೋಹ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಳಕೆಯಾದ ಈ ಮಾತನ್ನು ಒಂದು ಶಬ್ದದಲ್ಲಿ ಹೇಳಬಲ್ಲ ಕನ್ನಡಿಗನಿಗೆ ವಿವೇಕಾನಂದರ ಆಕ್ಷೇಪಣೆಯು ಅರ್ಥವಾಗಲು ಟೀಕೆ ಬೇಕಾಗದು. ಛತ್ರಗಳ ಕಾಶಿಯು ದಾನವನ್ನು ಬಲ್ಲುದಾಗಿತ್ತು. ನಾಲ್ಕಾಣೆಯ ಹುಡುಗನು ಬೀದಿಯಲ್ಲಿ ಮೊಣಕಾಲೂರಿ ಮಾಡಿದುದು ಇನ್ನೊಂದು ಬಗೆಯದು. ಅದಕ್ಕೆ ತಕ್ಕ ಹೆಸರು ಜಂಗಮಬಾಡಿಯ ಆ ಮಠದ ಅಂಗಳದಲ್ಲಿ ಸಿದ್ಧವಾಗಿಯೇ ಇತ್ತೆಂಬುದು ನನಗೆ ಎಂದೂ ಹಳತಾಗದ ಸೋಜಿಗ.

ಆದರೂ ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ಸಂನ್ಯಾಸಿಯು ಕರ್ಮವನ್ನು ಬಿಟ್ಟವನು. ಅವನು ಹೇಲು ಬಾಚುವುದೆಂದರೇನು? ಹರಿದ್ವಾರದ ಬಳಿಯ ಕನಖಲದಲ್ಲಿ 1901ರಲ್ಲಿ ಇಂಥದೇ ಸೇವಾಶ್ರಮವನ್ನು ತೆರೆದ ಕಲ್ಯಾಣಾನಂದರನ್ನೂ ಅವರೊಡನೆ ಸೇರಿದ ನಿಶ್ಚಯಾನಂದರನ್ನೂ ಅಲ್ಲಿನ ಸಾಧುಗಳು ಭಂಗಿ ಸಾಧುಗಳೆಂದು ಕರೆದು ಪಂಕ್ತಿಯಿಂದ ದೂರವಿಟ್ಟರು. ವೇದಾಂತವನ್ನು ಬಲ್ಲವರ ಈ ತಿರಸ್ಕಾರವು ಕಾಶಿಯಂಥ ಶಾಸ್ತ್ರಾರ್ಥಗಳ ರಾಜಧಾನಿಯಲ್ಲಿ ಇನ್ನೂ ಹರಿತವಾಗಿಯೇ ಇದ್ದಿರಬೇಕು. ಮೊದಲ ತಂಡದ ಚಾರುಚಂದ್ರನು ಶುಭಾನಂದನಾಗಿ, ಕೇದಾರನಾಥನು ಅಚಲಾನಂದನಾಗಿ ಕಾವಿಯನ್ನುಟ್ಟ ಮೇಲೂ ಕೈಯ ಪೊರಕೆಯನ್ನು ಕೆಳಗಿಡಲಿಲ್ಲವೆಂಬುದೇ ಆ ತಿರಸ್ಕಾರಕ್ಕೆ ಅವರು ಕೊಟ್ಟ ಪ್ರತ್ಯುತ್ತರ.

ಬಾಡಿಗೆಯ ಮನೆಗಳ ಅಲೆದಾಟವು 1908ರಲ್ಲಿ ಮುಗಿಯುವ ಹಾದಿಗೆ ಬಂದಿತು. ಲಕ್ಸಾ ಎಂಬಲ್ಲಿ ಸ್ಥಳವು ದೊರೆತು, ಮಿಷನ್ನಿನ ಅಧ್ಯಕ್ಷರಾಗಿದ್ದ ಬ್ರಹ್ಮಾನಂದರು ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಶಂಕುಸ್ಥಾಪನೆ ಮಾಡಿದರು. ಕಟ್ಟಡದ ಕೆಲಸಕ್ಕೆ ಮೇಲ್ವಿಚಾರಕರಾಗಿ ದೊರೆತವರು ವಿಜ್ಞಾನಾನಂದರು. ಪೂರ್ವಾಶ್ರಮದಲ್ಲಿ ಸರಕಾರದ ಇಂಜಿನಿಯರಾಗಿದ್ದವರಾದುದರಿಂದ ಗೋಡೆಯ ದಪ್ಪಕ್ಕೂ ಕಿಟಕಿಯ ಗಾಳಿಗೂ ಯಾರನ್ನೂ ಕೇಳಬೇಕಾಗಿರಲಿಲ್ಲ. 1910ರಲ್ಲಿ ವಾರ್ಡುಗಳು ತೆರೆದುವು. ಇದೇ ಬ್ರಹ್ಮಾನಂದರು ನಡುವೆ, 1909ರ ಆದಿಯಲ್ಲಿ, ಬೆಂಗಳೂರಿಗೆ ಬಂದು ಬಸವನಗುಡಿಯ ಆಶ್ರಮದ ಕಟ್ಟಡವನ್ನು ತೆರೆದರೆಂಬುದನ್ನು ನಮ್ಮವರು ನೆನೆಯಬಹುದು.

1912ರ ನವೆಂಬರಿನಲ್ಲಿ ಪರಮಹಂಸರ ಪತ್ನಿ ಶಾರದಾದೇವಿಯವರು ಕಾಶಿಗೆ ಬಂದು, ಪಲ್ಲಕ್ಕಿಯಲ್ಲಿ ಕುಳಿತು ಸೇವಾಶ್ರಮವನ್ನೆಲ್ಲ ಸುತ್ತಿ ನೋಡಿದರು. ವಾರ್ಡುಗಳನ್ನೂ ತೋಟವನ್ನೂ ನೋಡಿ, ಠಾಕೂರರು (ಪರಮಹಂಸರು) ಇಲ್ಲಿ ತಾವೇ ಇದ್ದಾರೆ, ಲಕ್ಷ್ಮಿಯೂ ಪೂರ್ಣಳಾಗಿ ನೆಲಸಿದ್ದಾಳೆ, ಎಂಬ ಅರ್ಥದ ಮಾತನ್ನಾಡಿದರು. ಆ ಸಮಯದಲ್ಲಿ ಪರಮಹಂಸರ ಸಂಭಾಷಣೆಗಳನ್ನು ಬರೆದಿಟ್ಟ ಮಹೇಂದ್ರನಾಥ ಗುಪ್ತರೂ ಕಾಶಿಯಲ್ಲಿದ್ದರು. ಆಸ್ಪತ್ರೆ, ಛತ್ರ, ಪಾಠಶಾಲೆಗಳನ್ನು ನಡೆಸುವುದು ಗುರುವಿನ ಉಪದೇಶಕ್ಕೆ ಹೊರತಾದುದು, ಮೊದಲು ಭಗವಂತನ ಸಾಕ್ಷಾತ್ಕಾರ, ಆಮೇಲೆ ಮಿಕ್ಕುದು ಎಂಬುದು ಆ ಸಜ್ಜನರ ಹಳೆಯ ಹಟ. ಅವರ ಪಕ್ಷದಲ್ಲಿ ಗುರುವಾಕ್ಯದ ಬೆಂಬಲವೂ ಇಲ್ಲದಿರಲಿಲ್ಲ. ಶಾರದಾದೇವಿಯವರ ಮಾತನ್ನು ಬ್ರಹ್ಮಾನಂದರು ಹುಡುಗರ ಮೂಲಕ ಅವರ ಕಿವಿಗೆ ಮುಟ್ಟಿಸಿದಾಗ, ಗುಪ್ತರು ನಕ್ಕು, ಇನ್ನು ಅಲ್ಲಗಳೆಯುವ ಹಾಗಿಲ್ಲವೆಂದು ಒಪ್ಪಿಕೊಂಡರು. ಹತ್ತು ವರ್ಷಗಳ ಮೇಲೆ, ಅದ್ವೈತದಲ್ಲಿ ಮುಳುಗಿದ್ದ ಪರಮಹಂಸರ ಶಿಷ್ಯ ತುರೀಯಾನಂದರು ಇದೇ ಸೇವಾಶ್ರಮದಲ್ಲಿ ದೀರ್ಘಕಾಲ ಶುಶ್ರೂಷೆ ಪಡೆದು 1922ರ ಜುಲೈಯಲ್ಲಿ ಕಾಶಿಯ ಮರಣವನ್ನು ಪಡೆದರು. ಕಾಶಿಯಲ್ಲಿ ಸಾಯುವುದಕ್ಕೂ ಕಾಶಿಯಲ್ಲಿ ಉಪಚಾರ ಹೊಂದುವುದಕ್ಕೂ ವಿರೋಧವಿಲ್ಲವೆಂಬುದನ್ನು ಅವರ ಹಾಸಿಗೆಯೇ ತೋರಿಸಿಕೊಟ್ಟಿತು.

ಶಾರದಾದೇವಿಯವರು ಸೇವಾಶ್ರಮವನ್ನು ಸುತ್ತಿ ನೋಡಿದ ಆ ದಿನ ತಮ್ಮ ನಿವಾಸಕ್ಕೆ ಹಿಂದಿರುಗಿ, ಸೇವಾಶ್ರಮಕ್ಕೆಂದು ಹತ್ತು ರೂಪಾಯಿಯ ಒಂದು ನೋಟನ್ನು ಕಳುಹಿಸಿಕೊಟ್ಟರು. ಹಣವೆಂದರೆ ಔಷಧ, ಹಾಲು, ಬಟ್ಟೆಯೆಂದೇ ಲೆಕ್ಕ ಹಾಕಿ ಅಭ್ಯಾಸವಾಗಿದ್ದ ಆ ಸಂಸ್ಥೆಯವರು ಇದೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾರದೆ ಹೋದರು. ಬೀದಿಯಲ್ಲಿ ದೊರೆತ ನಾಲ್ಕಾಣೆಯು ಒಂದು ಗಳಿಗೆಯೂ ಉಳಿಯದೆ ಒಬ್ಬ ಮುದುಕಿಯ ಬಾಯಿಗೆ ಅನ್ನವಾಗಿ ಹೋಗಿತ್ತು. ಹತ್ತು ರೂಪಾಯಿಯ ಆ ನೋಟು ಖರ್ಚಾಗದೆ ಅಲ್ಲಿ ಇಂದಿಗೂ ಇದೆ.